ಹಳೆ ಔಟ್‌ಬೋರ್ಡ್ ಮೋಟಾರಿನ ಎಕ್ಸಾಸ್ಟ್ ಕ್ಲೀನಿಂಗ್ ಮತ್ತು ರಿಪೇರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಲ್ಪೆ, ಹೆಜಮಾಡಿ, ಬೆಂಗ್ರೆ, ಉಳ್ಳಾಲ ಕಡೆ ಶೆಡ್ಡುಗಳ ಮೂಲೆಯಲ್ಲಿ, ದೋಣಿಯ ಹಿಂಬದಿಗೆ ಸಿಕ್ಕಿಸುವ ಹಳೆ ಔಟ್‌ಬೋರ್ಡ್ ಮೋಟಾರುಗಳು ಇನ್ನೂ ಬೇಕಾದಷ್ಟು ಬಿದ್ದಿವೆ. ಹೆಚ್ಚಿನವು ನಾಡದೋಣಿಗೆ ದುಡಿದು ಸುಸ್ತಾದ ಯಮಹಾ, ಸುಜುಕಿ. ಅಪರೂಪಕ್ಕೆ ಒಂದು ಜಾನ್ಸನ್, ಎವಿನ್ರೂಡ್ ಅಥವಾ ಬ್ರಿಟಿಷ್ ಸೀಗಲ್ ಸಿಕ್ಕರೆ ಅದೃಷ್ಟ. ಇವನ್ನು ಎಬ್ಬಿಸಲು ಹೊರಟವರು ಮೊದಲು ಪ್ಲಗ್ ಬದಲಿಸುತ್ತಾರೆ. ಆಮೇಲೆ ಕಾರ್ಬ್ಯುರೇಟರ್ ಬಿಚ್ಚುತ್ತಾರೆ. ಎಕ್ಸಾಸ್ಟ್ ಕಡೆ ಮಾತ್ರ ಯಾರೂ ತಲೆ ಹಾಕುವುದಿಲ್ಲ. ಕೇಳುವ ಪ್ರಶ್ನೆಗಳೂ ಸುಮಾರು ಅವೇ ಆದ್ದರಿಂದ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಎಲ್ಲವೂ ನೀರಿನಿಂದ ತಂಪಾಗುವ ಟೂ ಸ್ಟ್ರೋಕ್ ಮೋಟಾರಿಗೆ ಸಂಬಂಧಿಸಿದ್ದು.

ಬೈಕಿನ ಹಾಗೆ ಸೈಲೆನ್ಸರ್ ಕಾಣುವುದೇ ಇಲ್ಲ. ಎಕ್ಸಾಸ್ಟ್ ಇರುವುದು ಎಲ್ಲಿ?

ಮೋಟಾರಿನ ಕಾಲೇ ಸೈಲೆನ್ಸರ್. ಸಿಲಿಂಡರಿನ ಪಕ್ಕದಲ್ಲಿ ಸಾಲಾಗಿ ಬೋಲ್ಟ್ ಹೊಡೆದ ಚಪ್ಪಟೆ ಮುಚ್ಚಳ ಕಾಣುತ್ತದೆ ಅಲ್ವಾ, ಅದು ಎಕ್ಸಾಸ್ಟ್ ಕವರ್. ಅದರ ಹಿಂದೆ ಪೋರ್ಟುಗಳು, ಅಂದರೆ ಸಿಲಿಂಡರಿನಿಂದ ಹೊಗೆ ಹೊರಬರುವ ಕಿಂಡಿಗಳು. ಹೊಗೆ ಅಲ್ಲಿಂದ ಹೊರಟು ಕೆಳಗಿನ ಉದ್ದ ಟೊಳ್ಳು ಕಾಲಿನೊಳಗೆ ಇಳಿದು ನೀರಿನ ಅಡಿಯಲ್ಲಿ ಹೊರಬೀಳುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಪ್ರೊಪೆಲ್ಲರಿನ ನಡುವಿನಿಂದ, ಕೆಲವುದರಲ್ಲಿ ಅದರ ಮೇಲಿನ ಚಪ್ಪಟೆ ಪ್ಲೇಟಿನ ಕೆಳಗಿನಿಂದ. ಕಾಲಿನ ಹಿಂಭಾಗದಲ್ಲಿ, ನೀರಿನ ಮಟ್ಟಕ್ಕಿಂತ ಮೇಲೆ, ಒಂದೆರಡು ಸಣ್ಣ ತೂತುಗಳೂ ಇರುತ್ತವೆ. ಮೋಟಾರ್ ನಿಧಾನವಾಗಿ ಓಡುವಾಗ ನೀರನ್ನು ತಳ್ಳುವಷ್ಟು ಒತ್ತಡ ಹೊಗೆಗೆ ಇರುವುದಿಲ್ಲ. ಆಗ ಅದು ಆ ತೂತಿನಿಂದ ಹೊರಬರುತ್ತದೆ.

ಇನ್ನೊಂದು ವಿಷಯ ಗೊತ್ತಿರಲಿ. ಹೊಗೆಯ ದಾರಿಗೂ ನೀರಿನ ದಾರಿಗೂ ನಡುವೆ ಇರುವುದು ತೆಳ್ಳನೆಯ ಗೋಡೆ ಮಾತ್ರ. ಇಂಪೆಲ್ಲರ್ (ಕಾಲಿನ ಕೆಳಗಿರುವ ನೀರಿನ ಪಂಪಿನ ರಬ್ಬರ್ ಚಕ್ರ) ಮೇಲಕ್ಕೆ ತಳ್ಳಿದ ನೀರು ಸಿಲಿಂಡರ್ ಸುತ್ತಿ, ಎಕ್ಸಾಸ್ಟ್ ಕವರಿನ ಹೊರಪದರದೊಳಗೆ ಹರಿದು, ಕೊನೆಗೆ ಅದೇ ಕಾಲಿನೊಳಗೆ ಬಿದ್ದು ಹೊಗೆಯನ್ನೂ ತಣಿಸುತ್ತದೆ. ಒಂದು ಬದಿ ಕರಿ, ಅಂದರೆ ಹೊಗೆಯ ಮಸಿ, ಇನ್ನೊಂದು ಬದಿ ಉಪ್ಪು. ಹಾಗಾಗಿ ಇಲ್ಲಿ ಹೊಳಪು ಬರಿಸುವುದಕ್ಕಿಂತ ಒಂದಕ್ಕೊಂದು ಸೋರದ ಹಾಗೆ ಕೂರಿಸುವುದೇ ಮುಖ್ಯ. ಕೆಳಗಿನ ಉತ್ತರಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ.

ಕ್ಲೀನ್ ಮಾಡುವ ಸಮಯ ಬಂದಿದೆ ಎಂದು ಹೇಗೆ ಗೊತ್ತಾಗುತ್ತದೆ?

ಸ್ಟಾರ್ಟ್ ಆಗುತ್ತದೆ, ಆದರೆ ಥ್ರಾಟಲ್ ಕೊಟ್ಟರೆ ಏರುವುದಿಲ್ಲ. ಮೊದಲು ಅಳಿವೆ ಬಾಗಿಲಿನ ಅಲೆ ದಾಟಿಸುತ್ತಿದ್ದ ಮೋಟಾರ್ ಈಗ ಹೊಳೆಯ ಇಳಿತಕ್ಕೂ ಏದುಸಿರು ಬಿಡುತ್ತದೆ. ಕಾರ್ಬ್ಯುರೇಟರ್ ಸರಿ ಇದೆ, ಕರೆಂಟ್ ಚೆನ್ನಾಗಿ ಬರುತ್ತಿದೆ, ಆದರೂ ಹೀಗೆ ಅಂದರೆ ಪೋರ್ಟ್ ಕಟ್ಟಿರುವ ಸಾಧ್ಯತೆ ದೊಡ್ಡದು. ಐಡಲ್‌ನಲ್ಲಿ ಮಾತ್ರ ನಿಂತುಹೋಗುತ್ತಿದ್ದರೆ ಮೊದಲು ಹಿಂದಿನ ಸಣ್ಣ ತೂತು ನೋಡಿ. ನಮ್ಮ ಕಡೆ ಶೆಡ್ಡಿನಲ್ಲಿ ಇಟ್ಟ ಮೋಟಾರಿನ ಆ ತೂತಿಗೆ ಕಣಜ ಮಣ್ಣು ಮೆತ್ತಿ ಗೂಡು ಕಟ್ಟಿರುವುದು ಮಾಮೂಲಿ. ಒಂದು ತಂತಿ ಹಾಕಿದರೆ ಮುಗಿಯುವ ಕೆಲಸಕ್ಕೆ ಇಡೀ ಮೋಟಾರ್ ಬಿಚ್ಚುವುದು ಯಾಕೆ?

ಪ್ಲಗ್ ಬಿಚ್ಚಿದಾಗ ಒಂದು ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗಿದ್ದು, ತುದಿಯಲ್ಲಿ ನೀರಿನ ಹನಿ ಇದ್ದರೆ ಅದು ಕರಿಯ ಸಮಸ್ಯೆ ಅಲ್ಲ, ಸೋರಿಕೆ. ಹೆಡ್ ಪ್ಯಾಕಿಂಗ್ (ಸೋರದಂತೆ ನಡುವೆ ಕೂರಿಸುವ ಗ್ಯಾಸ್ಕೆಟ್) ಹೋಗಿರಬಹುದು, ಎಕ್ಸಾಸ್ಟ್ ಕವರಿನ ಒಳ ಪ್ಯಾಕಿಂಗೂ ಹೋಗಿರಬಹುದು. ಇದನ್ನು ಮುಂದಕ್ಕೆ ಹಾಕಬೇಡಿ. ಉಪ್ಪುನೀರು ಸಿಲಿಂಡರಿಗೆ ಬಂದು ಕೆಲವೇ ದಿನ ನಿಂತರೂ ರಿಂಗ್, ಬೇರಿಂಗ್ ಎಲ್ಲ ತುಕ್ಕು.

ಇಷ್ಟು ಕರಿ ಕಟ್ಟುವುದು ಯಾಕೆ?

ಟೂ ಸ್ಟ್ರೋಕಿನಲ್ಲಿ ಎಣ್ಣೆಯೂ ಪೆಟ್ರೋಲಿನ ಜೊತೆ ಒಳಗೆ ಹೋಗುತ್ತದೆ. ಅದು ಪೂರ್ತಿ ಉರಿಯುವುದಿಲ್ಲ. ಮೀನಿಗೆ ಬಲೆ ಬಿಡುತ್ತಾ ಗಂಟೆಗಟ್ಟಲೆ ನಿಧಾನ ಓಡಿಸಿದರೆ ಒಳಗೆ ಬಿಸಿ ಸಾಲದೆ ಅರ್ಧಂಬರ್ಧ ಉರಿದ ಎಣ್ಣೆ ಪೋರ್ಟಿನ ಅಂಚಿಗೆ ಅಂಟುತ್ತದೆ. ನಮ್ಮ ಕರಾವಳಿಯಲ್ಲಿ ಇನ್ನೊಂದು ಕಾರಣ ಚಿಮಿಣಿ ಎಣ್ಣೆ, ಅಂದರೆ ಸೀಮೆಎಣ್ಣೆ. ನಾಡದೋಣಿಯ ಎಷ್ಟೋ ಮೋಟಾರುಗಳು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳುವಂಥವು. ಸೀಮೆಎಣ್ಣೆ ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗುವುದಿಲ್ಲ, ಅಷ್ಟು ಶುದ್ಧವಾಗಿ ಉರಿಯುವುದೂ ಇಲ್ಲ. ನಿಲ್ಲಿಸುವ ಮುಂಚೆ ಸ್ವಲ್ಪ ಹೊತ್ತು ಪೆಟ್ರೋಲಿಗೆ ತಿರುಗಿಸಿ ಓಡಿಸಬೇಕು ಎಂದು ಹಳಬರು ಹೇಳುವುದು ಸುಮ್ನೆ ಅಲ್ಲ. ಹಾಗೆ ಮಾಡದಿದ್ದರೆ ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆಯೇ ಉಳಿದು ಮರುದಿನ ಹಗ್ಗ ಎಳೆದು ಎಳೆದು ಭುಜ ನೋಯುತ್ತದೆ.

ಇದರ ಮೇಲೆ “ಎಂಜಿನ್‌ಗೆ ಒಳ್ಳೆಯದು” ಎಂದು ಅಂದಾಜಿಗೆ ಎಣ್ಣೆ ಜಾಸ್ತಿ ಸುರಿಯುವ ಅಭ್ಯಾಸ ಬೇರೆ.

ಬಿಚ್ಚುವ ತಾಪತ್ರಯವೇ ಬೇಡ, ಸ್ಪ್ರೇ ಹಾಕಿ ಮುಗಿಸಬಹುದಾ?

ಕರಿ ತೆಗೆಯುವ ಸ್ಪ್ರೇಗಳು ಇವೆ. ಮೋಟಾರ್ ಬಿಸಿ ಇರುವಾಗ ಕಾರ್ಬ್ಯುರೇಟರಿನ ಬಾಯಿಗೆ ಬಿಟ್ಟು, ನಿಲ್ಲಿಸಿ, ಕೆಲವು ಗಂಟೆ ನೆನೆಯಲು ಬಿಟ್ಟು, ಮತ್ತೆ ಜೋರಾಗಿ ಓಡಿಸುವುದು ಕ್ರಮ. ಓಡುತ್ತಿರುವ ಮೋಟಾರಿಗೆ ವರ್ಷಕ್ಕೊಮ್ಮೆ ಮಾಡಲು ಒಳ್ಳೆಯದೇ. ಅಂಟಿದ ರಿಂಗ್ ಕೂಡ ಕೆಲವೊಮ್ಮೆ ಬಿಡುತ್ತದೆ. ಆದರೆ ಹತ್ತಾರು ವರ್ಷ ಕಟ್ಟಿದ ಕಲ್ಲಿನಂಥ ಪದರಕ್ಕೆ ಇದು ಸಾಕಾಗುವುದಿಲ್ಲ. ನೀರಿನ ಬದಿಯ ಉಪ್ಪಿಗಂತೂ ಏನೂ ಮಾಡುವುದಿಲ್ಲ. ವರ್ಷಗಟ್ಟಲೆ ಬಿದ್ದಿದ್ದ ಮೋಟಾರ್ ಆದರೆ ನಾನು ಕವರ್ ಬಿಚ್ಚುವ ಪಕ್ಷ.

ಕೈ ಹಾಕುವ ಮುಂಚೆ ಏನೇನು ಮಾಡಿಕೊಳ್ಳಬೇಕು?

ನಾಲ್ಕೂ ಬದಿಯಿಂದ ಮೊಬೈಲಿನಲ್ಲಿ ಫೋಟೋ. ಕಂಪ್ರೆಷನ್ ಗೇಜ್ ಸಿಕ್ಕರೆ ಪ್ರತಿ ಸಿಲಿಂಡರಿನ ಅಳತೆ ಬರೆದಿಟ್ಟುಕೊಳ್ಳಿ. ಎರಡರ ನಡುವೆ ದೊಡ್ಡ ವ್ಯತ್ಯಾಸ ಇದ್ದರೆ ಎಕ್ಸಾಸ್ಟ್ ಕ್ಲೀನ್ ಮಾಡಿ ಸುಖವಿಲ್ಲ, ಮೊದಲು ಒಳಗಿನ ಕಥೆ ನೋಡಬೇಕು. ಆಮೇಲೆ ಪ್ಲಗ್ ವೈರುಗಳನ್ನು ತೆಗೆದು ಬಾಡಿಗೆ ಅರ್ಥ್ ಮಾಡಿ. ಪೆಟ್ರೋಲ್ ಟ್ಯಾಂಕ್ ದೂರ ಇಡಿ.

ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಬಿಚ್ಚಿದ ಬೋಲ್ಟನ್ನು ಅದರದರ ಜಾಗದಲ್ಲೇ ಚುಚ್ಚಿಡಿ. ಉದ್ದ ಬೇರೆ ಬೇರೆ ಇರುತ್ತದೆ. ಉದ್ದದ್ದನ್ನು ಗಿಡ್ಡದ ಜಾಗಕ್ಕೆ ಹಾಕಿ ಬಿಗಿದರೆ ಅಲ್ಯುಮಿನಿಯಂ ಬಿರಿಯುತ್ತದೆ. ಜಾನ್ಸನ್, ಎವಿನ್ರೂಡ್‌ಗಳಂಥ ಹಳೆ ಅಮೆರಿಕನ್ ಮೋಟಾರ್ ಆದರೆ ಪಾನಾ ಇಂಚಿನದ್ದೇ ಬೇಕು. ಹತ್ತಿರ ಹತ್ತಿರ ಕೂರುತ್ತದೆ ಎಂದು ಮಿಲಿಮೀಟರ್ ಪಾನಾ ಹಾಕಿದರೆ ಬೋಲ್ಟಿನ ಮೂಲೆಗಳೆಲ್ಲ ಸವೆದು ಗುಂಡಗಾಗುತ್ತವೆ. ಆಮೇಲೆ ಯಾವ ಪಾನಾವೂ ಹಿಡಿಯುವುದಿಲ್ಲ.

ಬೋಲ್ಟ್ ಅಲ್ಲಾಡುತ್ತಲೇ ಇಲ್ಲ. ಏನು ಮಾಡುವುದು?

ನಿಜವಾದ ಕೆಲಸ ಇದೇ ಮಾರಾಯ್ರೆ. ಕರಿ ತೆಗೆಯುವುದು ಒಂದು ಮಧ್ಯಾಹ್ನದ ಕೆಲಸ. ಬೋಲ್ಟಿಗೆ ವಾರವೂ ಹಿಡಿಯಬಹುದು.

ಸ್ಟೀಲ್ ಬೋಲ್ಟ್, ಅಲ್ಯುಮಿನಿಯಂ ಬಾಡಿ, ನಡುವೆ ಉಪ್ಪುನೀರು. ಮೂರು ಸೇರಿದರೆ ಸಣ್ಣ ಬ್ಯಾಟರಿಯೇ ಆಗುತ್ತದೆ. ಅದರಲ್ಲಿ ಕರಗುವುದು ಅಲ್ಯುಮಿನಿಯಂ. ಅದು ಬಿಳಿ ಪುಡಿಯಾಗಿ ಉಬ್ಬಿ ಥ್ರೆಡ್ಡಿನ ಸಂದಿನಲ್ಲೆಲ್ಲ ತುಂಬಿಕೊಳ್ಳುತ್ತದೆ. ಕವರಿನ ಅಂಚಿನಲ್ಲಿ, ಬೋಲ್ಟಿನ ತಲೆಯ ಸುತ್ತ, ಸುಣ್ಣ ಬಳಿದ ಹಾಗೆ ಕಾಣುವುದು ಅದೇ. ಸ್ಟೇನ್‌ಲೆಸ್ ಬೋಲ್ಟಿಗೆ ತುಕ್ಕು ಹಿಡಿಯುವುದಿಲ್ಲ ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ. ಅದು ತಾನು ಚೆನ್ನಾಗಿದ್ದು ಪಕ್ಕದ ಅಲ್ಯುಮಿನಿಯಂ ಅನ್ನು ತಿನ್ನುತ್ತದೆ.

ಮೊದಲು ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್ ಎಣ್ಣೆ ಸಮಪಾಲು ಬೆರೆಸಿದ ಮಿಶ್ರಣವೂ ಚೆನ್ನಾಗಿ ಇಳಿಯುತ್ತದೆ. ಆದರೆ ಅದು ಬೇಗ ಬೆಂಕಿ ಹಿಡಿಯುತ್ತದೆ, ಪೇಂಟನ್ನೂ ಎಬ್ಬಿಸುತ್ತದೆ. ಮರುದಿನ ಬೋಲ್ಟಿನ ತಲೆಗೆ ನೇರವಾಗಿ ಸುತ್ತಿಗೆಯಿಂದ ಸಣ್ಣ ಸಣ್ಣ ಏಟು. ಜೋರಾಗಿ ಅಲ್ಲ, ಒಳಗಿನ ಪುಡಿ ನಡುಗಬೇಕು ಅಷ್ಟೇ. ಆಮೇಲೆ ಬಿಚ್ಚುವ ಕಡೆಗೆ ಅಲ್ಲ, ಮೊದಲು ಬಿಗಿಯುವ ಕಡೆಗೆ ಒಂದು ಕೂದಲೆಳೆ ತಿರುಗಿಸಿ. ಅಲ್ಲಾಡಿತಾ? ಈಗ ಹಿಂದಕ್ಕೆ. ಕಾಲು ಸುತ್ತು ಬಂದರೆ ಮತ್ತೆ ಒಳಗೆ, ಮತ್ತೆ ಎಣ್ಣೆ, ಮತ್ತೆ ಹೊರಗೆ. ಬಂತೆಂದು ಒಂದೇ ಸಲಕ್ಕೆ ತಿರುಗಿಸಿದರೆ ಪುಡಿ ಸಿಕ್ಕಿಕೊಂಡು ತುಂಡಾಗುವುದು ಅಲ್ಲೇ.

ಅದಕ್ಕೂ ಬಗ್ಗದಿದ್ದರೆ ಬಿಸಿ. ಬಿಸಿಯಾದಾಗ ಅಲ್ಯುಮಿನಿಯಂ ಸ್ಟೀಲಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅಂದರೆ ತೂತು ಸಡಿಲವಾಗುತ್ತದೆ. ಹಾಗಾಗಿ ಬೆಂಕಿ ತೋರಿಸಬೇಕಾದ್ದು ಬೋಲ್ಟಿಗಲ್ಲ, ಅದರ ಸುತ್ತಲಿನ ಬಾಡಿಗೆ. ಸಣ್ಣ ಗ್ಯಾಸ್ ಟಾರ್ಚ್ ಸಾಕು. ಅಲ್ಯುಮಿನಿಯಂ ಕಬ್ಬಿಣದ ಹಾಗೆ ಕೆಂಪಾಗಿ ಎಚ್ಚರಿಸುವುದಿಲ್ಲ. 660 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಹೇಳದೆ ಕೇಳದೆ ಕುಸಿಯುತ್ತದೆ. ಅದಕ್ಕಿಂತ ಎಷ್ಟೋ ಕೆಳಗೇ ಮೆತ್ತಗೂ ಆಗುತ್ತದೆ. ನಮಗೆ ಬೇಕಾದ್ದು 200ರ ಆಸುಪಾಸು. ನೀರು ಚಿಮುಕಿಸಿ ನೋಡಿ. ಹದವಾಗಿ ಕಾದ ದೋಸೆ ಕಾವಲಿಯ ಮೇಲೆ ಕುಣಿದ ಹಾಗೆ ಹನಿಗಳು ಕುಣಿದರೆ ಸಾಕು, ಟಾರ್ಚ್ ಆರಿಸಿ ಪಾನಾ ಹಾಕಿ. ಎಣ್ಣೆ, ಅಸಿಟೋನ್ ಒರೆಸದೆ ಬೆಂಕಿ ತರಬೇಡಿ. ಬ್ರೇಕ್ ಕ್ಲೀನರ್ ಹಾಕಿದ ಜಾಗಕ್ಕಂತೂ ಬೇಡವೇ ಬೇಡ. ಕೆಲವುದರಿಂದ ವಿಷದ ಗಾಳಿ ಏಳುತ್ತದೆ.

ತುಂಡಾಗಿಯೇ ಹೋಯಿತು.

ಗಾಬರಿ ಬೇಡ. ಹಳೆ ಮೋಟಾರಿನಲ್ಲಿ ಒಂದೆರಡು ತುಂಡಾಗುವುದು ಲೆಕ್ಕದಲ್ಲೇ ಇರಬೇಕು. ಉಳಿದ ಬೋಲ್ಟುಗಳನ್ನು ಬಿಚ್ಚಿ ಕವರ್ ತೆಗೆಯಿರಿ. ತುಂಡು ಮೇಲಕ್ಕೆ ಚಾಚಿದ್ದರೆ ಅದರ ಮೇಲೆ ಒಂದು ನಟ್ ಇಟ್ಟು ವೆಲ್ಡ್ ಮಾಡಿಸಿ. ವೆಲ್ಡಿಂಗಿನ ಬಿಸಿಗೇ ಅರ್ಧ ಕೆಲಸ ಆಗಿರುತ್ತದೆ. ಒಳಗೆ ಮುರಿದಿದ್ದರೆ ನಡುವಿಗೆ ಸರಿಯಾಗಿ ಸೆಂಟರ್ ಪಂಚ್ ಹೊಡೆದು ಡ್ರಿಲ್ ಮಾಡಬೇಕು. ಕೈಡ್ರಿಲ್ ಜಾರಿದರೆ ಬಿಟ್ ಮೆತ್ತನೆಯ ಅಲ್ಯುಮಿನಿಯಂ ಕಡೆಗೇ ಓಡುತ್ತದೆ. ಹಾಗಾಗಿ ಇದನ್ನು ಲೇತ್ ಅಂಗಡಿಗೆ ಒಯ್ಯುವುದೇ ವಾಸಿ. ತಿರುಚಿ ತೆಗೆಯುವ ಎಕ್ಸ್‌ಟ್ರಾಕ್ಟರ್ ನನಗೆ ಇಷ್ಟವಿಲ್ಲ. ಅದು ಒಳಗೆ ಮುರಿದರೆ ಡ್ರಿಲ್ ಕೂಡ ಹಿಡಿಯದಷ್ಟು ಗಟ್ಟಿ. ಥ್ರೆಡ್ ಹಾಳಾಗಿದ್ದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಆಗಿ ಕೂರುವ ತಂತಿಯ ಸುರುಳಿ) ಹಾಕಿಸಿ. ಮೊದಲಿಗಿಂತ ಗಟ್ಟಿಯಾಗಿಯೇ ನಿಲ್ಲುತ್ತದೆ.

ಎಲ್ಲ ಬೋಲ್ಟ್ ಬಂತು, ಆದರೆ ಕವರ್ ಏಳುತ್ತಿಲ್ಲ. ಸ್ಕ್ರೂಡ್ರೈವರ್ ತೂರಿಸಲಾ?

ಬೇಡ. ಪ್ಯಾಕಿಂಗ್ ಕೂರುವ ಮುಖಕ್ಕೆ ಒಂದು ಗೀರು ಬಿದ್ದರೂ ಮುಂದೆ ಸೋರುವುದು ಅಲ್ಲೇ. ಕವರಿನ ಪಕ್ಕಕ್ಕೆ ಮರದ ತುಂಡು ಇಟ್ಟು ಸುತ್ತಲೂ ತಟ್ಟಿ. ಸ್ವಲ್ಪ ಬಿಸಿ ಮಾಡಿದರೆ ಹಳೆ ಅಂಟು ಬಿಡುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಹೊರ ಕವರ್, ಒಳಗೆ ತೆಳ್ಳನೆಯ ಇನ್ನೊಂದು ಪ್ಲೇಟ್, ಎರಡಕ್ಕೂ ಬೇರೆ ಬೇರೆ ಪ್ಯಾಕಿಂಗ್ ಇರುತ್ತದೆ. ಎರಡೂ ಒಟ್ಟಿಗೇ ಬಂದರೆ ಹಾಗೇ ತೆಗೆದು ಮೇಜಿನ ಮೇಲೆ ಬಿಡಿಸಿ.

ಹಳೆ ಪ್ಯಾಕಿಂಗ್ ಕೆರೆಯುವಾಗ ಏನಾದರೂ ಜಾಗ್ರತೆ ಬೇಕಾ?

ಬೇಕು. ಹಳೆ ಕಾಲದ ಪ್ಯಾಕಿಂಗಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಮತ್ತೆ ಬರುವುದಿಲ್ಲ. ಒಣಗಿದ್ದನ್ನು ಉಜ್ಜಬೇಡಿ, ಗ್ರೈಂಡರ್ ಬ್ರಷ್ ಹಿಡಿಯಬೇಡಿ, ಗಾಳಿ ಹೊಡೆಯಬೇಡಿ. ಚೆನ್ನಾಗಿ ನೆನೆಸಿ, ಮಾಸ್ಕ್ ಹಾಕಿ, ಹಸಿಯಾಗಿಯೇ ಎಬ್ಬಿಸಿ ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ.

ಕರಿ ತೆಗೆಯುವ ಸರಿಯಾದ ಕ್ರಮ ಯಾವುದು?

ಕವರ್ ತೆಗೆದಾಗ ಎರಡು ಬಣ್ಣ ಕಾಣುತ್ತದೆ. ಪೋರ್ಟಿನ ಸುತ್ತ ಟಾರಿನಂಥ ಹೊಳೆಯುವ ಕರಿ, ನೀರಿನ ದಾರಿಯಲ್ಲಿ ಬೂದು ಬಿಳಿ ಹೊಪ್ಪಳೆ. ಇವೆರಡರ ನಡುವಿನ ಗೆರೆ ಸ್ಪಷ್ಟವಾಗಿದ್ದರೆ ಪ್ಯಾಕಿಂಗ್ ತನ್ನ ಕೆಲಸ ಮಾಡಿದೆ ಎಂದರ್ಥ. ಬಿಳಿ ಕಡೆಯಿಂದ ಕರಿ ಕಡೆಗೆ ಕಂದು ತುಕ್ಕಿನ ಜಾಡು ಹರಿದಿದ್ದರೆ ಸೋರಿದ್ದು ಅಲ್ಲೇ. ತೊಳೆಯುವ ಮುಂಚೆ ಅದರ ಫೋಟೋ ತೆಗೆಯಿರಿ. ತೊಳೆದ ಮೇಲೆ ಆ ಸಾಕ್ಷಿ ಸಿಗುವುದಿಲ್ಲ.

ಬಿಡಿಯಾಗಿ ಬಂದ ಭಾಗಗಳನ್ನು ಡೀಸೆಲ್‌ನಲ್ಲೋ ಸೀಮೆಎಣ್ಣೆಯಲ್ಲೋ ಒಂದೆರಡು ದಿನ ಮುಳುಗಿಸಿಡಿ. ಕರಿ ಪೂರ್ತಿ ಕರಗುವುದಿಲ್ಲ, ಮೆತ್ತಗಾಗುತ್ತದೆ. ಆಮೇಲೆ ಬಿದಿರಿನ ಸೀಳು ಅಥವಾ ಗಟ್ಟಿ ಪ್ಲಾಸ್ಟಿಕ್ಕಿನಿಂದ ಕೆರೆಯಿರಿ. ಮೂಲೆಗೆ ಹಿತ್ತಾಳೆ ಬ್ರಷ್. ಗೆರಟೆಯ ಒಡೆದ ಅಂಚು ಕೂಡ ಒಳ್ಳೆಯ ಸಾಧನ. ಗಟ್ಟಿ ಇದೆ, ಅಲ್ಯುಮಿನಿಯಂಗೆ ಗೀರು ಹಾಕುವುದಿಲ್ಲ, ದುಡ್ಡೂ ಇಲ್ಲ.

ಸಿಲಿಂಡರಿನ ಪೋರ್ಟ್ ಹಾಗಲ್ಲ, ಮುಳುಗಿಸಲಾಗುವುದಿಲ್ಲ. ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿ, ಪಿಸ್ಟನ್ ಬಂದು ಪೋರ್ಟನ್ನು ಒಳಗಿನಿಂದ ಮುಚ್ಚುವ ಹಾಗೆ ನಿಲ್ಲಿಸಿ. ಆಗ ಕೆರೆದ ಪುಡಿ ಸಿಲಿಂಡರಿಗೆ ಬೀಳುವುದಿಲ್ಲ. ಮೋಟಾರ್ ಓಡುವ ದಿಕ್ಕಿಗೇ ತಿರುಗಿಸಿ, ಹಿಂದಕ್ಕೆ ತಿರುಗಿಸಿದರೆ ಕೆಳಗಿರುವ ಇಂಪೆಲ್ಲರಿನ ರೆಕ್ಕೆ ಮಡಚುತ್ತದೆ. ಕೆರೆದ ಪುಡಿಯನ್ನು ಗ್ರೀಸ್ ಹಚ್ಚಿದ ಬಟ್ಟೆಯಿಂದ ಒತ್ತಿ ಒತ್ತಿ ತೆಗೆಯಿರಿ. ಒಂದು ಸಿಲಿಂಡರ್ ಮುಗಿದ ಮೇಲೆ ಇನ್ನೊಂದು.

ಇದೇ ಹೊತ್ತಿನಲ್ಲಿ ಒಂದು ಪುಕ್ಕಟೆ ತಪಾಸಣೆ ಆಗುತ್ತದೆ. ನಿಧಾನವಾಗಿ ಫ್ಲೈವೀಲ್ ತಿರುಗಿಸುತ್ತಾ ಹೋದರೆ ಪೋರ್ಟಿನ ಕಿಟಕಿಯಲ್ಲಿ ರಿಂಗುಗಳು ಒಂದೊಂದಾಗಿ ಹಾದುಹೋಗುತ್ತವೆ. ಮರದ ಕಡ್ಡಿಯಿಂದ ಮೆಲ್ಲಗೆ ಒತ್ತಿ. ಒಳಗೆ ಹೋಗಿ ಸ್ಪ್ರಿಂಗಿನಂತೆ ವಾಪಸ್ ಬಂದರೆ ರಿಂಗ್ ಸಡಿಲ ಇದೆ. ಕಲ್ಲಿನ ಹಾಗೆ ಕೂತಿದ್ದರೆ ಕರಿಯಲ್ಲಿ ಸಿಕ್ಕಿಕೊಂಡಿದೆ. ಪಿಸ್ಟನ್ ಮೇಲೆ ಉದ್ದುದ್ದ ಗೀರುಗಳಿದ್ದರೂ ಇಲ್ಲೇ ಕಾಣುತ್ತದೆ.

ಕೆಳಗಿನ ಕಾಲಿನ ಒಳಭಾಗ ಕ್ಲೀನ್ ಮಾಡಬೇಕಾದರೆ ಗೇರ್ ಕೇಸ್ ಇಳಿಸಿ, ಮೇಲಿನ ಎಂಜಿನ್ ಎತ್ತಬೇಕು. ಎತ್ತಿದ್ದೇ ಆದರೆ ಒಳಗಿನ ಎಕ್ಸಾಸ್ಟ್ ಟ್ಯೂಬ್, ಅದರ ರಬ್ಬರ್ ಸೀಲ್, ನೀರಿನ ಪೈಪ್ ಎಲ್ಲ ನೋಡಿಬಿಡಿ. ಕೊಳಕು ಡೀಸೆಲನ್ನು ತೋಡಿಗೂ ತೆಂಗಿನ ಬುಡಕ್ಕೂ ಚೆಲ್ಲಬೇಡಿ. ಮಳೆಗಾಲದಲ್ಲಿ ಅದು ಸೀದಾ ಬಾವಿಗೆ ಬರುತ್ತದೆ.

ಕಾಸ್ಟಿಕ್ ಸೋಡಾ ಹಾಕಿದರೆ ಬೇಗ ಹೋಗುತ್ತದಂತೆ?

ಕರಿಯೂ ಹೋಗುತ್ತದೆ, ಕವರೂ ಹೋಗುತ್ತದೆ. ಕಾಸ್ಟಿಕ್ ಸೋಡಾ ಅಲ್ಯುಮಿನಿಯಂ ಅನ್ನೇ ಕರಗಿಸುತ್ತದೆ. ಜೊತೆಗೆ ಬೆಂಕಿ ಹಿಡಿಯುವ ಹೈಡ್ರೋಜನ್ ಗಾಳಿ ಬಿಡುತ್ತದೆ. ಕಬ್ಬಿಣದ ಸೈಲೆನ್ಸರಿಗೆ ಹೇಳಿದ ಉಪಾಯವನ್ನು ಇಲ್ಲಿ ತಂದು ಹಾಕಬೇಡಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಕೂಡ ಬೇಡ.

ಬಿಂಬುಳಿ, ಹುಣಸೆಹುಳಿ?

ಕರಿಗೆ ಉಪಯೋಗವಿಲ್ಲ. ನೀರಿನ ದಾರಿಯ ಬಿಳಿ ಹೊಪ್ಪಳೆಗೆ ಹುಳಿ ಕೆಲಸ ಮಾಡುತ್ತದೆ ನಿಜ. ಆದರೆ ಹಣ್ಣಿನಲ್ಲಿ ಹುಳಿ ಎಷ್ಟಿದೆ ಎಂದು ಅಳೆಯುವುದು ಹೇಗೆ? ದಿನಸಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆ್ಯಸಿಡ್, ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಮೂರು ಚಮಚ ಹಾಕಿ. ಅದರಲ್ಲಿ ಸ್ವಲ್ಪ ಹೊತ್ತು ನೆನೆಸಿ, ಗುಳ್ಳೆ ನಿಂತ ಕೂಡಲೇ ತೆಗೆದು ಬಾವಿ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ರಾತ್ರಿಯಿಡೀ ಬಿಡುವಂಥದ್ದಲ್ಲ. ಸಂದಿಗೆ ಸಿಕ್ಕಿಕೊಂಡಿದ್ದನ್ನು ತಂತಿಯಿಂದ ಎಬ್ಬಿಸಿ. ಚಿಪ್ಪಿನ ಚೂರು, ಹೊಯಿಗೆ, ಹಳೆ ಇಂಪೆಲ್ಲರಿನ ರಬ್ಬರ್ ತುಂಡು, ಏನು ಬೇಕಾದರೂ ಹೊರಬರಬಹುದು.

ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿದರೆ?

ಹೊರಗಿನ ಪೇಂಟ್ ತೆಗೆಯಲು ಸರಿ, ಅದೂ ಮುಖಗಳಿಗೆ ಟೇಪ್ ಹಚ್ಚಿ. ಒಳಗೆ ಬೇಡ. ಒಂದು ಹಿಡಿ ಮರಳು ಸಂದಿಯಲ್ಲಿ ಉಳಿದು ಪಿಸ್ಟನ್‌ಗೆ ಸಿಕ್ಕಿದರೆ ಮುಗಿಯಿತು.

ಪೋರ್ಟನ್ನು ಫೈಲ್ ಹಾಕಿ ಸ್ವಲ್ಪ ದೊಡ್ಡದು ಮಾಡಿದರೆ ಪವರ್ ಬರುತ್ತದಾ?

ಇಲ್ಲ. ಟೂ ಸ್ಟ್ರೋಕಿನಲ್ಲಿ ಪೋರ್ಟಿನ ಎತ್ತರವೇ ಟೈಮಿಂಗ್, ಅಂದರೆ ಹೊಗೆಗೆ ದಾರಿ ಯಾವಾಗ ತೆರೆಯಬೇಕು ಎಂಬ ಲೆಕ್ಕ. ಕರಿ ತೆಗೆಯಿರಿ, ಲೋಹ ಮುಟ್ಟಬೇಡಿ.

ಕವರಿನಲ್ಲಿ ಗುಂಡಿ ಬಿದ್ದಿದೆ. ಉಳಿಸಬಹುದಾ?

ಮೊದಲು ಒಳಗಿನ ತೆಳು ಪ್ಲೇಟನ್ನು ಕತ್ತಲೆ ಕೋಣೆಗೆ ಒಯ್ದು ಹಿಂದಿನಿಂದ ಟಾರ್ಚ್ ಬಿಡಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ಅಲ್ಲಿ ತೂತು ಇದೆ. ಆ ತೂತಿನಿಂದಲೇ ನೀರು ಪೋರ್ಟಿಗೆ ಹೋಗುತ್ತದೆ. ಅಂಥ ಪ್ಲೇಟಿಗೆ ತೇಪೆ ಹಾಕಿ ಸಮಯ ಕಳೆಯಬೇಡಿ, ಬದಲಿಸಿ.

ಹೊರ ಕವರಿನ ನೀರಿನ ಬದಿಯಲ್ಲಿ ಮೇಲುಮೇಲಿನ ಗುಂಡಿಯಾದರೆ ಲೋಹದ ಪುಡಿ ಇರುವ ಎರಡು ಟ್ಯೂಬಿನ ಎಪಾಕ್ಸಿ ತುಂಬಿ ಉಜ್ಜಬಹುದು. ಅಲ್ಲಿ ನೀರು ಹರಿಯುವುದರಿಂದ ಬಿಸಿ ಕಡಿಮೆ. ಹೊಗೆಯ ಬದಿಗೆ, ಅದರಲ್ಲೂ ಪೋರ್ಟಿನ ಅಂಚಿಗೆ, ಎಪಾಕ್ಸಿ ನಿಲ್ಲುವುದಿಲ್ಲ. ಅಲ್ಲಿಗೆ ಆರ್ಗಾನ್ ವೆಲ್ಡಿಂಗ್ ಬೇಕು. ವರ್ಷಗಟ್ಟಲೆ ಉಪ್ಪು ಕುಡಿದ ಅಲ್ಯುಮಿನಿಯಂ ವೆಲ್ಡ್ ಮಾಡುವಾಗ ನೊರೆಯೇಳುತ್ತದೆ, ತೂತು ತೂತಾಗುತ್ತದೆ. ಹೊಳೆಯುವ ಲೋಹ ಕಾಣುವ ತನಕ ಕೆರೆದು, ಒಮ್ಮೆ ಬಿಸಿ ಮಾಡಿ ಒಣಗಿಸಿ ಕೊಟ್ಟರೆ ವೆಲ್ಡರಿಗೂ ಸುಲಭ. ವೆಲ್ಡ್ ಆದ ಮೇಲೆ ಕವರ್ ಸೊಟ್ಟಗಾಗುತ್ತದೆ, ಅದನ್ನು ಸರಿ ಮಾಡದೆ ಹಾಕುವಂತಿಲ್ಲ.

ಮುಖ ಸಮತಟ್ಟಾಗಿದೆಯಾ ಎಂದು ನೋಡುವುದು ಹೇಗೆ?

ದಪ್ಪ ಗಾಜಿನ ತುಂಡು ತನ್ನಿ. ಕಿಟಕಿ ಗಾಜು ಬೇಡ, ಬಾಗುತ್ತದೆ. ಅದರ ಮೇಲೆ 220 ನಂಬರಿನ ಎಮರಿ ಪೇಪರ್ ಅಂಟಿಸಿ ಸ್ವಲ್ಪ ಸೀಮೆಎಣ್ಣೆ ಬಿಡಿ. ಕವರಿನ ಮುಖಕ್ಕೆ ಮಾರ್ಕರಿನಿಂದ ಗೀಟು ಎಳೆದು, ಒತ್ತದೆ, ಎಂಟರ ಆಕಾರದಲ್ಲಿ ನಾಲ್ಕೈದು ಸಲ ಉಜ್ಜಿ ತಿರುಗಿಸಿ ನೋಡಿ. ಎತ್ತರದ ಕಡೆ ಗೀಟು ಅಳಿಸಿರುತ್ತದೆ, ತಗ್ಗಿನಲ್ಲಿ ಹಾಗೇ ಇರುತ್ತದೆ. ಎಲ್ಲ ಗೀಟೂ ಅಳಿಯುವ ತನಕ ಮುಂದುವರಿಸಿ, ಕೊನೆಗೆ 400 ನಂಬರ್. ಸ್ಟೀಲ್ ಸ್ಕೇಲ್ ನಿಲ್ಲಿಸಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿದರೆ 0.1 ಮಿಲಿಮೀಟರಿನದ್ದು ನುಗ್ಗಬಾರದು. ಕನ್ನಡಿಯಂತೆ ಹೊಳೆಯಬೇಕೆಂದಿಲ್ಲ. ಸ್ವಲ್ಪ ಒರಟು ಇದ್ದರೆ ಪ್ಯಾಕಿಂಗಿಗೇ ಒಳ್ಳೆಯದು.

ಒರಿಜಿನಲ್ ಪ್ಯಾಕಿಂಗ್ ಸಿಗುವುದಿಲ್ಲ. ಕೈಯಲ್ಲೇ ಕತ್ತರಿಸಬಹುದಾ?

ಆಗುತ್ತದೆ. ಎವಿನ್ರೂಡ್ ತಯಾರಿಕೆ 2020ಕ್ಕೇ ನಿಂತಿದೆ. ಅಂಥ ಹಳೆ ಮೋಟಾರಿಗೆ ಇದೇ ದಾರಿ. ಬಿಸಿ ತಡೆಯುವ, ಕಲ್ನಾರಿಲ್ಲದ ಗ್ಯಾಸ್ಕೆಟ್ ಶೀಟ್ ಕೇಳಿ. ದಪ್ಪ ಹಳೆಯದರಷ್ಟೇ ಇರಲಿ. ಕವರಿನ ಮುಖಕ್ಕೆ ಗ್ರೀಸ್ ಹಚ್ಚಿ ಶೀಟಿನ ಮೇಲೆ ಒತ್ತಿದರೆ ಆಕಾರ ಮೂಡುತ್ತದೆ. ಬೋಲ್ಟಿನ ತೂತುಗಳನ್ನು ಮೊದಲು ಪಂಚ್ ಹೊಡೆದು, ಅಂಚು ಆಮೇಲೆ ಕತ್ತರಿಸಿ. ನೀರಿನ ಸಣ್ಣ ತೂತುಗಳನ್ನು ಮರೆಯಬೇಡಿ. ಅವನ್ನು ಮುಚ್ಚಿಬಿಟ್ಟರೆ ಮೋಟಾರ್ ಬಿಸಿಯಾಗಿ ಜಾಮ್. ಸಿಲಿಕಾನ್ ಅಂಟನ್ನು ಧಾರಾಳವಾಗಿ ಮೆತ್ತುವವರಿದ್ದಾರೆ. ಹಿಂಡಿ ಒಳಬಂದ ಅಂಟು ಇದೇ ತೂತುಗಳಿಗೆ ಹೋಗಿ ಕೂರುತ್ತದೆ. ನನಗದು ಒಪ್ಪಿಗೆಯಿಲ್ಲ.

ಬೋಲ್ಟ್ ವಾಪಸ್ ಹಾಕುವಾಗ?

ಥ್ರೆಡ್ಡುಗಳಿಗೆಲ್ಲ ಒಮ್ಮೆ ಥ್ರೆಡ್ ಕೊರೆಯುವ ಟ್ಯಾಪ್ ಓಡಿಸಿ ಗಾಳಿ ಹೊಡೆಯಿರಿ. ಪ್ರತಿ ಬೋಲ್ಟಿಗೂ ಮರೈನ್ ಗ್ರೀಸ್ ಅಥವಾ ಸತು ಇರುವ ಆ್ಯಂಟಿಸೀಜ್ (ಬೋಲ್ಟ್ ಮತ್ತೆ ಕಚ್ಚಿಕೊಳ್ಳದ ಹಾಗೆ ಹಚ್ಚುವ ಲೇಪ). ತಾಮ್ರ ಅಥವಾ ಗ್ರಾಫೈಟ್ ಇರುವುದು ಬೇಡ, ಉಪ್ಪುನೀರಿನಲ್ಲಿ ಅದು ಅಲ್ಯುಮಿನಿಯಂ ಅನ್ನು ಇನ್ನೂ ಬೇಗ ತಿನ್ನಿಸುತ್ತದೆ. ನಡುವಿನಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ ಬಿಗಿಯಿರಿ. 6 ಮಿಲಿಮೀಟರ್ ಬೋಲ್ಟಿಗೆ ಸುಮಾರು 8 ನ್ಯೂಟನ್ ಮೀಟರ್, 8 ಮಿಲಿಮೀಟರಿಗೆ ಸುಮಾರು 18. ನಿಮ್ಮ ಮೋಟಾರಿನ ಪುಸ್ತಕ ಬೇರೆ ಹೇಳಿದರೆ ಪುಸ್ತಕವೇ ಸರಿ. ಹೊರಗಿನ ಬೋಲ್ಟಿಗೆ ಉದ್ದ ಪಾನಾ ಹಿಡಿಯಬೇಡಿ, ಕೈ ಗೊತ್ತಿಲ್ಲದೆ ಜಾಸ್ತಿ ಬಿಗಿಯುತ್ತದೆ.

ಪೇಂಟ್?

ಹೊರಗೆ ಮಾತ್ರ. ಅಲ್ಯುಮಿನಿಯಂಗೆ ನೇರ ಎನಾಮಲ್ ಬಳಿದರೆ ಒಂದು ಮಳೆಗಾಲಕ್ಕೇ ಹಪ್ಪಳವೇಳುತ್ತದೆ. ಮೊದಲು ಲೋಹಕ್ಕೆ ಕಚ್ಚಿ ಹಿಡಿಯುವ ಎಚ್ (etch) ಪ್ರೈಮರ್, ಆಮೇಲೆ ಎಪಾಕ್ಸಿ ಪ್ರೈಮರ್, ಕೊನೆಗೆ ಬಣ್ಣ. ಕಾಲು ಒಳಗಿನಿಂದ ನೀರಿನಿಂದ ತಣಿಯುವುದರಿಂದ ಬೈಕ್ ಸೈಲೆನ್ಸರಿನ ದುಬಾರಿ ಹೀಟ್ ಪೇಂಟ್ ಅಗತ್ಯವಿಲ್ಲ. ದೋಣಿಯ ಅಡಿಗೆ ಬಳಿಯುವ, ತಾಮ್ರ ಇರುವ ಬಣ್ಣವನ್ನು ಮೋಟಾರಿಗೆ ಬಳಿಯಬೇಡಿ. ಆನೋಡಿಗೂ ಬಳಿಯಬೇಡಿ. ಮೋಟಾರಿನ ಬದಲು ತಾನು ಸವೆಯಲೆಂದೇ ಅದನ್ನು ಇಟ್ಟಿರುವುದು.

ಜೋಡಿಸಿ ಆಯಿತು. ಸ್ಟಾರ್ಟ್ ಮಾಡಿ ನೋಡಲಾ?

ನೀರಿಲ್ಲದೆ ಒಂದು ಕ್ಷಣವೂ ಬೇಡ. ಒಣ ಓಡಿದರೆ ಇಂಪೆಲ್ಲರ್ ಕೂಡಲೇ ಸುಡುತ್ತದೆ. ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬಾವಿ ನೀರು ತುಂಬಿ, ನೀರೆಳೆಯುವ ತೂತುಗಳ ಮೇಲೆ ಒಂದು ಗೇಣು ನೀರು ಇರುವ ಹಾಗೆ ಮೋಟಾರ್ ಕೂರಿಸಿ. ಮುಚ್ಚಿದ ಶೆಡ್ಡಿನಲ್ಲಿ ಅಲ್ಲ, ಅಂಗಳದಲ್ಲಿ. ಹೊಗೆಯಲ್ಲಿ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಪಕ್ಕದಿಂದ ಚಿಮ್ಮುವ ನೀರಿನ ಧಾರೆ ಬರುತ್ತಿದೆಯಾ ನೋಡಿ, ಬಾರದಿದ್ದರೆ ನಿಲ್ಲಿಸಿ. ಬಿಸಿಯಾದ ಮೇಲೆ ಕವರಿನ ಅಂಚಿನ ಸುತ್ತ ಬೆರಳಾಡಿಸಿ, ತೇವ ಇರಬಾರದು. ತಣಿದ ಮೇಲೆ ಬೋಲ್ಟ್ ಇನ್ನೊಮ್ಮೆ ನೋಡಿ, ಪ್ಲಗ್ ಬಿಚ್ಚಿ ನೀರಿನ ಹನಿ ಇಲ್ಲವೆಂದು ಖಾತ್ರಿ ಮಾಡಿ.

ಡ್ರಮ್ಮಿನ ನೀರು ಕಪ್ಪಾಗುತ್ತದೆ, ಮೇಲೆ ಎಣ್ಣೆ ತೇಲುತ್ತದೆ. ಹಳೆ ಟೂ ಸ್ಟ್ರೋಕಿಗೆ ಅದು ಸಹಜ.

ಮತ್ತೆ ಕರಿ ಕಟ್ಟದ ಹಾಗೆ ಯಾವ ಎಣ್ಣೆ ಹಾಕಬೇಕು?

ಡಬ್ಬದ ಮೇಲೆ ಟಿಸಿ-ಡಬ್ಲ್ಯು3 ಎಂದಿರಬೇಕು. ಪೆಟ್ರೋಲ್ ಬಂಕಿನ ಮಾಮೂಲಿ 2ಟಿ ಎಣ್ಣೆ ಗಾಳಿಯಿಂದ ತಣಿಯುವ ಸ್ಕೂಟರ್, ರಿಕ್ಷಾಗಳಿಗೆ ಮಾಡಿದ್ದು. ಅದರಲ್ಲಿ ಬೂದಿ ಉಳಿಯುವ ಅಂಶ ಇರುತ್ತದೆ. ನೀರಿನಿಂದ ತಣಿಯುವ ಮೋಟಾರಿಗೆ ಬೂದಿಯಿಲ್ಲದ ಟಿಸಿ-ಡಬ್ಲ್ಯು3 ಒಳ್ಳೆಯದು.

ಪ್ರಮಾಣ ಮೋಟಾರಿನ ವಯಸ್ಸಿನ ಮೇಲೆ. ಹೆಚ್ಚಿನ ಜಾನ್ಸನ್, ಎವಿನ್ರೂಡ್‌ಗಳು 1964ರಿಂದ 50:1ಕ್ಕೆ ಬಂದವು. ಅದಕ್ಕಿಂತ ಹಳೆಯವಕ್ಕೆ 24:1, ಅಂದರೆ 5 ಲೀಟರ್ ಪೆಟ್ರೋಲಿಗೆ ಸುಮಾರು 210 ಮಿಲಿಲೀಟರ್. ಹಳೆ ಸೀಗಲ್ ಕೆಲವು 10:1 ಕುಡಿಯುವಂಥವು. ಕರಿ ಕಟ್ಟುತ್ತದೆಂದು ಹೆದರಿ ಇಂಥವಕ್ಕೆ ಎಣ್ಣೆ ಕಡಿಮೆ ಮಾಡಬೇಡಿ. ಕರಿಯನ್ನು ಕೆರೆಯಬಹುದು, ಉರಿದುಹೋದ ಬೇರಿಂಗಿಗೆ ಏನು ಮಾಡುವುದು?

ಈ ಕೆಲಸಕ್ಕೆ ಒಳ್ಳೆಯ ಕಾಲ ಯಾವುದು?

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಹೆಚ್ಚಿನವರು ಆಗಲೇ ಮೋಟಾರ್ ಬಿಚ್ಚುತ್ತಾರೆ. 10 ಅಶ್ವಶಕ್ತಿ ತನಕದ ನಾಡದೋಣಿಯವರಿಗೆ ವಿನಾಯಿತಿ ಇರುವುದರಿಂದ ಅವರಿಗೆ ಮಳೆಗಾಲವೇ ಸೀಸನ್, ಅವರು ಏಪ್ರಿಲ್ ಮೇ ತಿಂಗಳಲ್ಲೇ ಮುಗಿಸಿಕೊಳ್ಳಬೇಕು. ಆಟಿಯಲ್ಲಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಬಿಚ್ಚುವವರಿಗೆ ಒಂದು ಮಾತು. ಆ ಹಸಿ ಗಾಳಿಗೆ ತೆರೆದಿಟ್ಟ ಸಿಲಿಂಡರ್ ಒಂದೇ ರಾತ್ರಿಗೆ ಕೆಂಪಾಗುತ್ತದೆ. ಸಂಜೆ ಕೈ ತೊಳೆಯುವ ಮುಂಚೆ ಪೋರ್ಟಿನೊಳಗೆ ಎಣ್ಣೆ ಬಿಟ್ಟು, ಎಣ್ಣೆ ಬಟ್ಟೆ ತುರುಕಿಡಿ. ಬಟ್ಟೆ ತುರುಕಿದ್ದೇವೆ ಎಂದು ಹಗ್ಗಕ್ಕೆ ಒಂದು ಚೀಟಿ ಕಟ್ಟಿ.

ಯಾವಾಗ ಕೈಬಿಡಬೇಕು?

ಸಿಲಿಂಡರಿನ ಪೋರ್ಟುಗಳ ನಡುವಿನ ಗೋಡೆಯೇ ಬಿರಿದಿದ್ದರೆ, ಬ್ಲಾಕಿನ ಕಡೆಯ ಪ್ಯಾಕಿಂಗ್ ಮುಖ ಗುಂಡಿ ಬಿದ್ದು ತಿಂದುಹೋಗಿದ್ದರೆ, ಕಾಲು ಬೆರಳೊತ್ತಿಗೆ ಪುಡಿಯಾಗುತ್ತಿದ್ದರೆ. ಕವರ್, ಪ್ಲೇಟ್, ಬೋಲ್ಟ್ ಇವೆಲ್ಲ ಬದಲಿಸುವಂಥವು, ಬ್ಲಾಕ್ ಹಾಗಲ್ಲ. ಆಗಲೂ ಗುಜರಿಗೆ ಕೆ.ಜಿ. ಲೆಕ್ಕದಲ್ಲಿ ಹಾಕಬೇಡಿ. ಅದೇ ಮಾಡೆಲ್ ಇಟ್ಟುಕೊಂಡವರು ಮಲ್ಪೆಯಲ್ಲೋ ಬೆಂಗ್ರೆಯಲ್ಲೋ ಒಬ್ಬರಾದರೂ ಇರುತ್ತಾರೆ. ಅವರಿಗೆ ಆ ಕಾರ್ಬ್ಯುರೇಟರ್, ಫ್ಲೈವೀಲ್, ಗೇರ್ ಕೇಸ್ ಬೇಕಾಗಿರುತ್ತದೆ, ಬದಲಿಗೆ ನಿಮಗೆ ಬೇಕಾದ ಕವರ್ ಅವರ ಶೆಡ್ಡಿನಲ್ಲಿ ಇದ್ದರೂ ಇರಬಹುದು.